ತಲೆಯ ಕಡೆಯ ಹಗ್ಗ

ಮಗಳು ಸ್ಕಾಟ್ಲೆಂಡ್ ಸುತ್ತಿ ಬಂದು ಸೂಟ್‌ಕೇಸು ಬಿಚ್ಚಿದಾಗ ಅವಳ ಉಣ್ಣೆಯ ಕೋಟಿನಿಂದ ಹೊಗೆಯ ವಾಸನೆ ಬಂತು. ಕಟ್ಟಿಗೆಯ ಹೊಗೆಯಲ್ಲ, ಒದ್ದೆ ಮಣ್ಣು ಸುಟ್ಟಂಥದ್ದು. ಆ ಕಡೆ ಜೌಗುನೆಲದ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಒಲೆಗೆ ಹಾಕುತ್ತಾರೆ ಎಂದು ನನಗೆ ಹೇಳಿದ್ದು ಕ್ಯಾಲಿಫೋರ್ನಿಯಾದ ಲಿವರ್‌ಮೋರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಸ್ಕಾಟ್ಲೆಂಡಿನ ಅಜ್ಜಿ. ಎಂಬತ್ತರ ದಶಕದ ಮಾತು.

ಅಜ್ಜಿ ಮತ್ತು ಅವರ ಗಂಡ ಒಂದೇ ಹಳ್ಳಿಯವರು. ಒಂದು ಬೀದಿ, ಒಂದು ಕಲ್ಲಿನ ಸೇತುವೆ, ಬೆಟ್ಟದಿಂದ ಬೀಳುವ ಜಲಪಾತ, ಅದರಾಚೆ ಕಪ್ಪು ನೀರಿನ ಸರೋವರ... ಜಲಪಾತ ನೋಡಲು ಬೇಸಿಗೆಯಲ್ಲಿ ಪಟ್ಟಣದವರು ಬರುತ್ತಿದ್ದರಂತೆ. ಊರವರು ಆ ದಾರಿ ಹಿಡಿಯುತ್ತಿದ್ದುದು ಹೆಣ ಹೊತ್ತುಕೊಂಡು. ಸ್ಮಶಾನ ಸರೋವರದ ಆಚೆ ದಡದಲ್ಲಿತ್ತು. ಹೆಂಗಸರು ಸೇತುವೆಯವರೆಗೆ ಬಂದು ಹಿಂತಿರುಗಬೇಕು. ಉಡುಪಿಯಲ್ಲಿ ನಮ್ಮ ಮನೆಗಳಲ್ಲೂ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದಾಗ ಅಜ್ಜಿ ಅವಳ ಕೈ ಹಿಡಿದುಕೊಂಡಿದ್ದರು.

ಅಜ್ಜ ತಮಾಷೆಯ ಮನುಷ್ಯ. ಲಿವರ್‌ಮೋರಿನ ಒಣ ಗುಡ್ಡಗಳನ್ನು ತೋರಿಸಿ, "ಇವಕ್ಕೆ ಹುಟ್ಟಿದಾಗಿನಿಂದ ಯಾರೂ ಸ್ನಾನ ಮಾಡಿಸಿಲ್ಲ," ಎನ್ನುತ್ತಿದ್ದರು. ಮಗನ ಸುದ್ದಿ ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು. ತಂದೆ ಮಗನ ನಡುವೆ ಮಾತು ನಿಂತು ಬಹಳ ವರ್ಷಗಳಾಗಿದ್ದವು.

ಅಜ್ಜ ತೀರಿಕೊಂಡಾಗ ಅಜ್ಜಿ ಕೇಳಿದ್ದು ಒಂದೇ. ಅವರ ಹಳ್ಳಿಯಲ್ಲಿ ಶವಪೆಟ್ಟಿಗೆಯನ್ನು ಹತ್ತಿರದವರೇ ಹಗ್ಗ ಹಿಡಿದು ಗುಂಡಿಗೆ ಇಳಿಸುತ್ತಾರೆ. ಎಂಟು ಹಗ್ಗ, ಎಂಟು ಜನ. ತಲೆಯ ಕಡೆಯದು ಹಿರಿಯ ಮಗನದು. ಇಲ್ಲಿ ಎಲ್ಲರೂ ಕಾರು ಹತ್ತಿ ಹೋದ ಮೇಲೆ ಮೆಷೀನು ಇಳಿಸುತ್ತದೆ. "ಅವರನ್ನ ಮೆಷೀನಿಗೆ ಕೊಡಬೇಡಿ," ಎಂದರು. ಸ್ಮಶಾನದವರು ಗೊಣಗುತ್ತಲೇ ಒಪ್ಪಿದರು. ಅವರ ಚರ್ಚಿನ ಮೂವರು, ನಾನು, ನನ್ನ ಮೂವರು ಕನ್ನಡದ ಗೆಳೆಯರು. ಎಂಟನೆಯವನಾಗಿ ಮಗ ವಿಮಾನದಲ್ಲಿ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ.

ಅಜ್ಜಿ ಸ್ಮಶಾನದ ಗೇಟಿನ ಹೊರಗೆ ನಮ್ಮ ಕಾರಿನಲ್ಲೇ ಕುಳಿತರು. ಜೊತೆಗೆ ನನ್ನ ಹೆಂಡತಿ. ಪಾದ್ರಿ ಪ್ರಾರ್ಥನೆ ಮುಗಿಸಿದರು. ನಾವು ಹಗ್ಗ ಹಿಡಿದು ನಿಂತೆವು. ತಲೆಯ ಕಡೆಯದು ಪೆಟ್ಟಿಗೆಯ ಮೇಲೆ ಸುರುಳಿಯಾಗಿ ಬಿದ್ದಿತ್ತು. ಕಾದೆವು... ಮಗ ಬರಲಿಲ್ಲ. ಇನ್ನೊಂದು ಶವ ಬರುವುದಿದೆ, ಯಾರಾದರೂ ಹಿಡಿಯಿರಿ, ಇಲ್ಲವಾದರೆ ಮೆಷೀನು ತರಿಸುತ್ತೇವೆ ಎಂದರು ಸ್ಮಶಾನದವರು. ಯಾರೂ ಕೈ ಚಾಚಲಿಲ್ಲ. ತಲೆಯ ಬಳಿ ಮಗನೇ ನಿಲ್ಲಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಓಡಿ ಬಂದಳು. "ರೀ, ಅಜ್ಜಿ ಕಾರಿಂದ ಇಳಿದುಬಿಟ್ರು. ಬೇಡ ಅಂದ್ರೂ ಕೇಳ್ತಿಲ್ಲ." ತಾನೂ ಒಳಗೆ ಬಂದುಬಿಟ್ಟಿದ್ದು ಅವಳಿಗೆ ಗೊತ್ತಾದಂತಿರಲಿಲ್ಲ.

ಅಜ್ಜಿ ಹುಲ್ಲಿನ ಮೇಲೆ ನಿಧಾನವಾಗಿ ನಡೆದು ಬಂದರು. ಯಾರನ್ನೂ ನೋಡಲಿಲ್ಲ. ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡು ಹಗ್ಗ ಎತ್ತಿಕೊಂಡರು. ಇಳಿಸುವಾಗ ಪೆಟ್ಟಿಗೆ ತಲೆಯ ಕಡೆಗೆ ವಾಲಿತು. ಒಳಗೆ ದೇಹ ಸರಿದ ಸದ್ದು ನಮಗೆಲ್ಲ ಕೇಳಿಸಿತು. ಅಜ್ಜಿ ಹಗ್ಗ ಬಿಡಲಿಲ್ಲ. ಆಮೇಲೆ ನೋಡಿದರೆ ಅಂಗೈ ಸುಲಿದಿತ್ತು.

ಊರಿಗೆ ಮರಳಿ ತಂಗಿಯ ಜೊತೆ ಇರಬೇಕೆಂಬ ಆಸೆ ಅವರಿಗಿತ್ತು. ಟಿಕೆಟು ತೆಗೆಸಲೇ ಎಂದು ನಾನು ಕೇಳಿದೆ. ಅವರು ಬೇಡ ಎಂದರು.

"ತಲೆಯ ಹಗ್ಗ ಯಾರು ಹಿಡಿದರು ಅಂತ ಅವಳು ಮೊದಲು ಕೇಳ್ತಾಳೆ. ತಂಗಿ ಹತ್ತಿರ ನನಗೆ ಸುಳ್ಳು ಹೇಳಕ್ಕಾಗಲ್ಲ."

ಹೋಗಲೇ ಇಲ್ಲ. ನಾವು ನೆವಾರ್ಕಿಗೆ ಮನೆ ಬದಲಾಯಿಸಿದ ಮೇಲೆ ಅವರು ತೀರಿಕೊಂಡರು. ನಮಗೆ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರನ್ನು ಇಳಿಸಿದ್ದು ಮೆಷೀನು.

ಚಿಕ್ಕಂದಿನಲ್ಲಿ ಕೇಳಿದ್ದ ಆ ಜಲಪಾತವನ್ನು ಹುಡುಕಿಕೊಂಡು ಮಗಳು ಆ ಹಳ್ಳಿಗೂ ಹೋಗಿದ್ದಳು. ಉಳಿದುಕೊಂಡಿದ್ದ ಮನೆಯ ಯಜಮಾನಿ ಮುದುಕಿ. ಸರೋವರದ ಆಚೆಯ ಸ್ಮಶಾನ ತೋರಿಸುತ್ತಾ, ತನ್ನ ತಂದೆಯ ತಲೆಯ ಹಗ್ಗವನ್ನು ತಾನೇ ಹಿಡಿದಿದ್ದೆ ಎಂದರಂತೆ. ಯಾವಾಗ ಎಂದು ಕೇಳಿದೆ. ಆಕೆಯ ಮದುವೆಗೆ ಮುಂಚೆ, ಎಪ್ಪತ್ತರ ದಶಕದಲ್ಲಿ. ಆಗಲೇ ಹೆಂಗಸರು ಸೇತುವೆ ದಾಟಲು ಶುರುಮಾಡಿದ್ದರಂತೆ. ಊರಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ.

ಅಜ್ಜಿ ಊರು ಬಿಟ್ಟದ್ದು ಅದಕ್ಕೂ ಎಷ್ಟೋ ಮೊದಲು... ಅವರಿಗೆ ಯಾರೂ ಬರೆದು ತಿಳಿಸಿರಲಿಲ್ಲ. ಈಗ ನಾನು ಹೇಳಬಹುದು, ಕೇಳಲು ಅವರಿಲ್ಲ.