ಕಾಕುವಿನ ಮೆಣಸಿನ ಕಷಾಯ

ನಿನ್ನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಯಾರಿಗೋ ಕರಿಮೆಣಸು ತೂಗುತ್ತಿದ್ದರು. ಆ ವಾಸನೆಗೆ ಸಾರವಾಡದ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ನೆನಪಾದಳು. ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇರಬಹುದು. ಯಾರು ಸೀನಿದರೂ ಒಲೆಯ ಮೇಲೆ ನೀರಿಡುವವರು.

ಕಾಕಾನಿಗೆ, ಅಂದರೆ ಆ ಚಿಕ್ಕಪ್ಪನಿಗೆ, ದಮ್ಮಿನ ಕಾಯಿಲೆಯಿತ್ತು. ಅವನ ಎದೆ ಸುಯ್ ಎಂದರೆ ಸಾಕು, ಕಾಕು ಕುಟ್ಟಾಣಿಗೆ ಕೈಹಾಕುತ್ತಿದ್ದಳು. ಮೆಣಸು, ಒಣಶುಂಠಿ, ಕೊನೆಗೆ ಬೆಲ್ಲ. ಆ ಬೆಲ್ಲದ ಆಸೆಗೆ ನಾನೂ ಸುಳ್ಳೇ ಕೆಮ್ಮುತ್ತಿದ್ದೆ. ಮೀಸೆ ಬಂದ ಮೇಲೂ ಈ ನಾಟಕ ಬಿಟ್ಟಿರಲಿಲ್ಲ. ಊಟವಾದೊಡನೆ ಕಾಕಾನಿಗೆ ದೊಡ್ಡ ಲೋಟ ಕೊಟ್ಟು, "ಬಿಸಿ ಇದ್ದಾಗ ಕುಡದು ಅಡ್ಡಾಗ್ರಿ" ಎಂದು ಕೌದಿ ಹೊದಿಸುತ್ತಿದ್ದಳು. ಎದೆ ಉರಿಯುತ್ತದೆ ಎಂದರೆ ಮರುದಿನ ಮೆಣಸು ಇನ್ನಷ್ಟು ಹೆಚ್ಚು.

"ಉರದ್ರ ಕಫ ಕರಗಾಕತ್ತೈತಿ ಅಂತ ತಿಳೀರಿ."

ಎಲ್ಲರೂ ನಂಬಿದ್ದೆವು. ಧೂಳಿಗೆ ದಮ್ಮು ಏರುತ್ತದೆಂದು ಹೆದರಿ ಎಮ್ಮೆಗಳನ್ನು ಹೊಲಕ್ಕೆ ಸಾಗಿಸಿದೆವು, ಕಷಾಯದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್ ಎಳೆದರೂ ದಮ್ಮು ತಗ್ಗದಾದಾಗ ಇಬ್ಬರನ್ನೂ ವಿಜಯಪುರದ ಡಾಕ್ಟರ ಹತ್ತಿರ ಕರೆತಂದೆ. ಅವರು ಉಸಿರಿಗಿಂತ ಊಟದ ಬಗ್ಗೆಯೇ ಹೆಚ್ಚು ಕೇಳಿದರು.

"ಹೊಟ್ಟ್ಯಾಗಿನ ಹುಳಿ ಮ್ಯಾಲ ಬಂದು ಉಸಿರಿನ ದಾರಿ ಕೆರಳಸಾಕತ್ತೈತ್ರಿ. ಪಂಪ್ ಬಿಡಬ್ಯಾಡ್ರಿ, ಅದರ ಜೋಡಿ ಹುಳಿಗೂ ಗುಳಿಗಿ ಕೊಡ್ತೀನಿ. ಉಂಡಕೂಡ್ಲೆ ಮಲಗಬ್ಯಾಡ್ರಿ. ಆ ಖಾರದ ಕಷಾಯ ಮದಲ ಬಿಡ್ರಿ."

ಕಾಕು ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು.

ಕಷಾಯ ನಿಲ್ಲಿಸಿ, ಹುಳಿ ಮೇಲೇರದಂತೆ ಮಂಚದ ತಲೆಯ ಕಡೆ ಇಟ್ಟಂಗಿ ಇಟ್ಟು ಎತ್ತರ ಮಾಡಿದೆವು. ಕಾಕಾ ಕೆಲವು ತಿಂಗಳು ಆರಾಮಾಗಿ ಉಸಿರಾಡಿದ. ಆ ಆರಾಮವೇ ಕಾಕುವಿನ ಜೀವ ಹಿಂಡಿತು. ಇಷ್ಟು ವರ್ಷ ತಾನೇ ಗಂಡನನ್ನು ಕಾಡಿದೆನೆಂದು ಕೊರಗಿದಳು. ಚಳಿಗಾಲಕ್ಕೆ ನ್ಯುಮೋನಿಯಾ ಬಂದು ಕಾಕಾ ತೀರಿಕೊಂಡ. ಇದು ಬೇರೆ ರೋಗ, ಕಷಾಯದಿಂದ ಬಂದದ್ದಲ್ಲ ಎಂದು ಡಾಕ್ಟರೇ ಹೇಳಿದರು. ಕಾಕು ಕೇಳಿಸಿಕೊಂಡಳು, ಒಪ್ಪಲಿಲ್ಲ. ಅವಳ ಆ ಮುಖ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಇವತ್ತು ಬೆಳಿಗ್ಗೆ ಬಸ್ಸು ಹಿಡಿದು ಸಾರವಾಡಕ್ಕೆ ಹೋದೆ. ಪಡಸಾಲೆಯಲ್ಲಿ ಕೂತು, ಹಳೆಯ ಚಾಳಿಯಂತೆ ಬೇಕೆಂದೇ ಕೆಮ್ಮಿದೆ. ಅವಳು ಮತ್ತೆ ಮೊದಲಿನ ಕಾಕು ಆಗಲಿ ಎಂಬ ಆಸೆ. ಕಾಕು ತಟ್ಟನೆ ಎದ್ದು ಒಳಗೆ ಹೋದಳು. ಕುಟ್ಟಾಣಿಯ ಸಪ್ಪಳಕ್ಕೆ ಕಿವಿಗೊಟ್ಟು ಕೂತೆ. ಸಪ್ಪಳ ಬರಲಿಲ್ಲ. ಲೋಟದ ತುಂಬ ಬರೀ ಬಿಸಿನೀರು ತಂದಳು.

"ನನಗೇನ್ ಎದಿ ಉರಿ ಇಲ್ಲ ಕಾಕು, ಒಂದೀಟು ಮೆಣಸು ಹಾಕಬೇಕಿತ್ತು."

"ಬ್ಯಾಡೋ ಯಪ್ಪಾ. ಅವ್ರಂತೂ ಹೋದ್ರು, ನೀನರ ಇರು."

ಸಪ್ಪೆ ನೀರನ್ನು ಪೂರ್ತಿ ಕುಡಿದೆ. ಇನ್ನು ಆ ಮನೆಯಲ್ಲಿ ನಾನು ಸುಳ್ಳು ಕೆಮ್ಮುವುದಿಲ್ಲ. ನಿಜವಾದ ಕೆಮ್ಮು ಬಂದರೂ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತೇನೆ.