ಅವ್ವನ ಕ್ರಿಯಾಟಿನಿನ್

ನನ್ನ ಅಣ್ಣ ಯಗಟಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ಅವನ ರಟ್ಟೆ ನೋಡಿದರೆ ಅರ್ಧ ಊರು ಜಗಳಕ್ಕೆ ಬರುವುದಿಲ್ಲ. ಹೋದ ವರ್ಷ ಕಡೂರಿನ ಲ್ಯಾಬಿನಲ್ಲಿ ಅವನಿಗೂ ಅವ್ವನಿಗೂ ರಕ್ತ ಪರೀಕ್ಷೆ ಮಾಡಿಸಿದೆವು. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಅಣ್ಣ ಬಾಡೂಟ ಗಡದ್ದಾಗಿ ಹೊಡೆದಿದ್ದ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅವನದು 1.4 ಎಂದು ದಪ್ಪ ಅಕ್ಷರದಲ್ಲಿ ಬಂತು. ಅವ್ವನದು 1.1, ಸಾದಾ ಅಕ್ಷರ. ದಪ್ಪಗೆ ಅಚ್ಚಾದದ್ದು ಮಾತ್ರ ಕಾಯಿಲೆ ಎಂದುಕೊಂಡೆವು.

ಅಂದಿನಿಂದ ಅಣ್ಣನ ಕಿಡ್ನಿಗೆ ಮನೆಯೆಲ್ಲ ಕಾವಲು. ಅವ್ವ ಅವನೊಬ್ಬನಿಗೆಂದೇ ಉಪ್ಪಿಲ್ಲದ ಸಾರು ಬೇರೆ ಮಾಡತೊಡಗಿದಳು.

"ಇದೇನವ್ವ, ಕಲಗಚ್ಚು ಕುಡ್ದಂಗೈತೆ!" ಎಂದು ಅವನು ದಿನವೂ ಕೂಗಾಡುತ್ತಿದ್ದ.

ಎರಡು ಸಾರೆಂದರೆ ಒಲೆಯ ಮುಂದೆ ಎರಡರಷ್ಟು ಹೊತ್ತು ನಿಲ್ಲಬೇಕು. ಅವ್ವನಿಗೆ ಮಂಡಿನೋವು. ಮೆಡಿಕಲ್ ಸ್ಟೋರಿನಿಂದ ತಾನೇ ತರಿಸಿಕೊಳ್ಳುತ್ತಿದ್ದ ನೋವಿನ ಮಾತ್ರೆಯನ್ನು ಈಗ ಸಂಜೆಯೂ ಒಂದು ನುಂಗುತ್ತಿದ್ದಳು. ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಕೆಲವು ತಿಂಗಳಾದ ಮೇಲೆ ಆ ರಿಪೋರ್ಟು ಹಿಡಿದು ಇಬ್ಬರನ್ನೂ ತರೀಕೆರೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ರಿಪೋರ್ಟಿಗಿಂತ ಮೊದಲು ಅಣ್ಣನ ತೋಳು ನೋಡಿದರು, ಅವ್ವನ ಕಡ್ಡಿಯಂಥ ಮುಂಗೈ ಹಿಡಿದು ನೋಡಿದರು. ಕ್ರಿಯಾಟಿನಿನ್ ಮಾಂಸಖಂಡದಿಂದ ಹುಟ್ಟುವ ಕಸ, ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ ಎಂದರು. ಮೈಕಟ್ಟು ಇದ್ದವನಲ್ಲಿ ಅದು ಹೆಚ್ಚೇ ಹುಟ್ಟುತ್ತದೆ, ಬಾಡೂಟ ಉಂಡ ಮರುದಿನ ಇನ್ನಷ್ಟು ಏರುತ್ತದೆ. ಒಣಗಿದ ಮೈಯಲ್ಲಿ ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಗೆರೆ ದಾಟುವುದಿಲ್ಲ. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಬೇಕು, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ನೋಡಬೇಕು.

ಮತ್ತೆ ಪರೀಕ್ಷೆಗಳಾದವು. ಅಣ್ಣನಿಗೆ ಏನೂ ಇರಲಿಲ್ಲ. ಅವ್ವನ ಕಿಡ್ನಿಯ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಪ್ರೋಟೀನ್ ಸೋರುತ್ತಿತ್ತು. ಏನೇನು ಮಾತ್ರೆ ನುಂಗುತ್ತೀರಿ ಎಂದು ಡಾಕ್ಟರು ಅವ್ವನನ್ನು ಕೇಳಿ ತಿಳಿದುಕೊಂಡರು.

"ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು, ಇವತ್ತೇ ನಿಲ್ಸಿ. ಉಪ್ಪು ಕಮ್ಮಿ ಮಾಡಿ. ಹೋಗಿರೋದು ವಾಪಸ್ ಬರೋದು ಕಷ್ಟ ಕಣ್ರೀ, ಉಳ್ದಿರೋದನ್ನ ಕಾಪಾಡ್ಕೊಳ್ಳೋಣ," ಎಂದರು ಡಾಕ್ಟರು.

ಬಸ್ಸಿನಲ್ಲಿ ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆಂದು ತಿಳಿಯಲಿಲ್ಲ.

ಆ ರಾತ್ರಿ ಅಡುಗೆ ನಾನೇ ಮಾಡಿದೆ. ಉಪ್ಪಿನ ಸಾರು ಅಣ್ಣನ ತಟ್ಟೆಗೆ ಹೋಯಿತು, ಸಪ್ಪೆಯದು ಅವ್ವನ ತಟ್ಟೆಗೆ. ಅವ್ವ ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿದಳು.

"ಚೆನ್ನಾಗೇ ಐತಲ್ಲೋ. ಅಷ್ಟು ದಿನ ಯಾಕಪ್ಪ ಕೂಗಾಡ್ತಿದ್ದೆ?"

ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ.