ಸಂದರ್ಶನದಲ್ಲಿ ಸೋರಿದ ಮಾಳಿಗೆ

ವಿಶ್ವವಿದ್ಯಾಲಯದಲ್ಲಿ ಪರಿಸರಸ್ನೇಹಿ ನಗರ ಯೋಜನೆ ಕಲಿಸುವ ಒಂದೇ ಒಂದು ಹುದ್ದೆ ಖಾಲಿ ಇತ್ತು. ಅದು ನನಗೇ ಬೇಕಿತ್ತು. ಎಷ್ಟೋ ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದು ಸಾಕಾಗಿತ್ತು. ಮೊದಲಿನ ಎರಡು ಸಂದರ್ಶನಗಳಲ್ಲಿ ಪರದೇಶದ ಊರುಗಳ ಚಿತ್ರ ತೋರಿಸಿ ಸೋತಿದ್ದೆ. ಮೂರನೆಯ ಸಲ ಹಟ ಬಂತು. ಈ ಸಲ ನಮ್ಮೂರು ಮೊರಬದ ಮನೆಯ ಮಣ್ಣಿನ ಮಾಳಿಗೆಯನ್ನೇ ತೋರಿಸುತ್ತೇನೆ ಎಂದುಕೊಂಡೆ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಒಂದು ಹನಿ ಒಳಗೆ ಬಿಡದ ಚಾವಣಿ ಅದು.

ಆ ಮಾಳಿಗೆ ನೋಡಿಕೊಳ್ಳುವವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಪ್ರತಿವರ್ಷ ಮುಂಗಾರಿಗೆ ಮೊದಲು ಹೊಸ ಮಣ್ಣು ಹರವಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿಸುತ್ತಾಳೆ. ಸಂದರ್ಶನಕ್ಕೆಂದು ನಾನು ಅದರ ಪುಟ್ಟ ಮಾದರಿ ಮಾಡಲು ಕೂತ ವಾರ ಅವಳು ದುಮ್ಮವಾಡಕ್ಕೆ ಮದುವೆಗೆ ಹೋಗಿದ್ದಳು. ಫೋನು ಮಾಡಿ ಕೇಳಬಹುದಿತ್ತು. ನನ್ನ ಡಾಕ್ಟರೇಟು ಬಿಡಲಿಲ್ಲ.

ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕಡ್ಡಿಗಳ ಜಂತಿ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಹೊಲದ ಕಪ್ಪು ಎರೆಮಣ್ಣು. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು. ಎಷ್ಟು ಸಹಜವಾಗಿದೆ ಎಂದು ಫೋಟೋ ಬೇರೆ ತೆಗೆದುಕೊಂಡೆ!

ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರೀ ಮೇಡಂ ಇದು?"

"ನಮ್ಮ ಮನಿ ಮಾಳಿಗಿ ರೀ."

"ಮನಿ ಬಿಟ್ಟು ಮಾಳಿಗಿ ಅಷ್ಟ ಹೊಂಟೈತೇನ್ರಿ?"

ಸಂದರ್ಶನದ ಕೋಣೆಯಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರೂ ಸೇರಿ ಐದು ಮಂದಿ ಕೂತಿದ್ದರು. "ಈಗ ಮಳೆ ಬರುತ್ತದೆ" ಎಂದು ಗತ್ತಿನಿಂದ ಹೇಳಿ ಮಾದರಿಯ ಮೇಲೆ ನೀರಿನ ಬಾಟಲಿ ಬಗ್ಗಿಸಿದೆ. ಮಳೆ ಬಂತು, ಪೆಟ್ಟಿಗೆಯ ಒಳಗೇ ಬಂತು. ಅಲ್ಲಿಂದ ಮೇಜಿಗೆ, ಮೇಜಿನಿಂದ ಅಧ್ಯಕ್ಷರ ಕಾಗದಗಳಿಗೆ.

ಆಗ ನೆನಪಾಯಿತು. ಅತ್ತೆ ಮಾಳಿಗೆಗೆ ಎಂದೂ ಎರೆಮಣ್ಣು ಹಾಕಿದವಳಲ್ಲ. ಹಳ್ಳದ ದಂಡೆಯಿಂದ ಸವಳು ತರಿಸುತ್ತಿದ್ದಳು, ಬೆಳೆ ಬಾರದ ಉಪ್ಪು ಮಣ್ಣು. ಎರೆ ಒಣಗಿದರೆ ಬಾಯಿ ಬಿಡುತ್ತದೆ. ಸವಳು ನೀರು ಬಿದ್ದೊಡನೆ ಕರಗಿ ಸಂದು ಮುಚ್ಚುತ್ತದೆ. ಚಿಕ್ಕಂದಿನಿಂದ ಕಂಡದ್ದನ್ನು ಮರೆತಿದ್ದೆನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾದವು. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ ಪೆಟ್ಟಿಗೆಯನ್ನು ದೂರಬಹುದಿತ್ತು. ಮನಸ್ಸು ಬರಲಿಲ್ಲ. ತಪ್ಪು ಒಪ್ಪಿಕೊಂಡು, ಮೇಜು ಒರೆಸುತ್ತಲೇ ಎರಡು ಮಣ್ಣಿನ ವ್ಯತ್ಯಾಸ ಹೇಳಿದೆ.

ಅಧ್ಯಕ್ಷರು ಒದ್ದೆ ಕಾಗದ ಝಾಡಿಸುತ್ತ ಕೇಳಿದರು: "ಹಂಗಾರ ಛಲೋ ಸವಳು ಯಾವುದು ಅಂತ ಹೆಂಗ ಗುರುತು ಹಿಡೀತೀರಿ?"

"ನನಗ ಗೊತ್ತಿಲ್ರಿ ಸರ್. ನಮ್ಮ ಸೋದರತ್ತಿಗೆ ಗೊತ್ತೈತಿ."

ಹುದ್ದೆ ಹೋಯಿತೆಂದೇ ಊರಿಗೆ ಮರಳಿದೆ.

ನೇಮಕದ ಪತ್ರ ಬಂದಾಗ, ಬೇರೆ ಯಾರದೋ ತಪ್ಪಿ ಬಂದಿದೆಯೇನೋ ಎಂದು ಎರಡು ಸಲ ಓದಿದೆ. ಆಮೇಲೆ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಕೆಲಸಕ್ಕೆ ಸೇರಿದ ದಿನ ಅಧ್ಯಕ್ಷರು ಎದುರಾದರು. "ಮೊದಲನೇ ಕ್ಲಾಸು ನಿಮ್ಮ ಅತ್ತಿ ಕಡೆಯಿಂದ ಮಾಡಸ್ರಿ. ನಂಗೂ ಆ ಪ್ರಶ್ನೆಗೆ ಉತ್ತರ ಬೇಕು" ಎಂದರು.

ವಿದ್ಯಾರ್ಥಿಗಳನ್ನು ಮೊರಬಕ್ಕೆ ಕರೆತಂದೆ. ಅತ್ತೆ ಎಲ್ಲರನ್ನೂ ಹಳ್ಳದ ದಂಡೆಗೆ ನಡೆಸಿದಳು. ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು, ಉಗುಳಿ, ಅಲ್ಲವೆಂದು ತಲೆಯಾಡಿಸಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ರುಚಿ ನೋಡಿ "ಇದು ನೋಡ್ರಿ" ಎಂದಳು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು.

"ಮೊದಲ ನಿಮ್ಮ ಮೇಡಂ ನೋಡಲಿ. ಅಷ್ಟು ದೊಡ್ಡ ಮಂದಿ ಮುಂದ ಮಾಳಿಗಿ ಸೋರಿಸಿ ಬಂದಾಳ."

ಎಲ್ಲರೂ ನಕ್ಕರು, ನಾನೂ ನಕ್ಕು ನಾಲಿಗೆಗೆ ಇಟ್ಟೆ. ಇಷ್ಟು ವರ್ಷ ಆ ಮಣ್ಣಿನ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ದೆ, ಅದರ ರುಚಿ ಗೊತ್ತಾದದ್ದು ಅವತ್ತೇ. ಅತ್ತೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ಉಪ್ಪೈತೇನ?" ಎಂದಳು.

"ಹೂಂ."

"ಹಂಗಾರ ಬುಟ್ಟಿ ಹೊರು. ನೌಕರಿ ಇವತ್ತ ಸುರು ಆತು ನಿಂದು."